ಗಾಜು ಇಳಿಸುವ ತನಕ

ಅತ್ತೆ ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದು ಕಾಲಿಗೆ ಮಗನ ಬೂಟು ಮೆಟ್ಟಿಕೊಂಡು ಹಾಲು ತರಲು ಹೋಗಿ, ಟಪ್ಪೆಂದು ಒಂದು ಹೆಜ್ಜೆ ದಡ್ಡೆಂದು ಒಂದು ಹೆಜ್ಜೆ ಹಾಕುತ್ತ ಮಹಡಿ ಹತ್ತಿ ವಾಪಸು ಬಂದು, ಬಾಗಿಲಲ್ಲಿ ನಿಂತು ತಮ್ಮ ಕಾಲನ್ನು ತಾವೇ ಬೇರೆ ಯಾರದೋ ಎಂಬಂತೆ ನೋಡಿಕೊಂಡಾಗ ಆ ಮನೆಯಲ್ಲಿ ಯಾರೂ ನಗಲಿಲ್ಲ. ನಡುಮನೆಯ ಮಂಚದ ಮೇಲೆ ಮಲಗಿದ್ದ ಅವಳಿಗೆ ಎಲ್ಲವೂ ಕಾಣುತ್ತಿತ್ತು. ಮಂಚದ ಕಾಲುಗಡೆಗೆ ಗಂಡ ತನ್ನ ಕಸುಬಿನ ಮರದ ದಿಮ್ಮಿಗಳನ್ನು ಕೊಟ್ಟು ಎತ್ತರಿಸಿದ್ದರಿಂದ ಅವಳ ತಲೆ ಕೆಳಗೆ, ಪಾದ ಮೇಲೆ. ಈಚೆಗೆ ಲೋಕವೆಲ್ಲ ಅವಳಿಗೆ ಗದ್ದದ ಕೆಳಗಿನಿಂದಲೇ ಕಂಡು, ಮನುಷ್ಯರೆಂದರೆ ಮೂಗಿನ ಹೊಳ್ಳೆಗಳು ಎಂಬಂತಾಗಿತ್ತು. ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದ ಗಂಡನ ಹೊಳ್ಳೆಗಳು ಒಮ್ಮೆ ಅರಳಿದವು, ಗಂಟಲ ಗಂಟು ಮೇಲೆ ಹೋಗಿ ಅಲ್ಲೇ ನಿಂತಿತು, ಆಮೇಲೆ ಅವನು ಗೋಡೆ ಗಡಿಯಾರವನ್ನು ಕೊಳ್ಳಲು ಬಂದ ಗಿರಾಕಿಯ ಹಾಗೆ ದಿಟ್ಟಿಸತೊಡಗಿದ. ಅತ್ತೆ ಬೂಟು ಕಳಚಿಟ್ಟು, ಲೋಕದಲ್ಲಿ ಹಾಲು ಸಿಗದೆ ವರ್ಷವಾಯಿತೇನೋ ಎಂಬ ದನಿಯಲ್ಲಿ, ಹಾಲು ಸಿಕ್ಕಿತು ಎಂದರು. ಗಂಡ ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ. ನಲ್ಲಿ ತಿರುಗಿಸಿದ ಸದ್ದು. ಬಕೆಟ್ಟಿಗೆ ನೀರು ಭೋರೆಂದು ಬೀಳುವ ಸದ್ದಿನ ಅಡಿಯಲ್ಲಿ, ಕಂಬಳಿ ಹೊದೆಸಿದ ಹಾಗೆ, ಇನ್ನೊಂದು ಸದ್ದು: ಹ್ಞ, ಹ್ಞ, ಹ್ಞ ಎಂದು ಬಿಕ್ಕಿ ಬಿಕ್ಕಿ, ನಡುವೆ ಉಸಿರು ಸಿಕ್ಕದೆ ಎಳೆದುಕೊಂಡು. ಹೊರಗೆ ಬಂದಾಗ ಕಣ್ಣು ಕೆಂಪಗೆ, ರೆಪ್ಪೆ ಒದ್ದೆ. "ಕಣ್ಣಿಗೆ ಸೋಪು ಹೋಯ್ತು" ಎಂದ, ಅವಳಿಗಲ್ಲ, ಗಡಿಯಾರಕ್ಕೆ. ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಸೋಪು ಹೋದ ಕಣ್ಣು ಯಾವುದು, ಅತ್ತ ಕಣ್ಣು ಯಾವುದು ಎಂದು ತಿಳಿಯದಷ್ಟು ದಡ್ಡಿ ಅವಳಲ್ಲ.

ಮುಖ ಓದುವುದೇ ಅವಳ ಹೊಟ್ಟೆಪಾಡು. ಹಲ್ಲಿನ ಡಾಕ್ಟರರ ಹೊರಕೋಣೆಯ ಮೇಜಿನ ಹಿಂದೆ ಕೂತು ಕೂತು, ಬಾಗಿಲು ತಳ್ಳಿಕೊಂಡು ಬಂದವರು ಬಾಯಿ ತೆರೆಯುವ ಮುಂಚೆಯೇ, ಇವರದು ತುಂಬಿಸುವ ಹಲ್ಲು, ಇವರದು ಕೀಳುವ ಹಲ್ಲು, ಇವರಿಗೆ ಹಲ್ಲೇ ನೋಯುತ್ತಿಲ್ಲ, ಮನೆಯಲ್ಲಿ ಯಾರೊಂದಿಗೋ ಜಗಳ, ಎಂದು ಹೇಳಿಬಿಡುತ್ತಿದ್ದಳು. ಕೀಳುವ ಹಲ್ಲಿನವರಿಗೆಂದು ಅವಳ ಬಳಿ ಒಂದು ಮುಖ ಬೇರೆಯೇ ಇತ್ತು. ಹುಬ್ಬು ಕೊಂಚ ಮೇಲೆ, ತುಟಿ ಸಮ, ನೋಟ ಅವರ ಕಣ್ಣಿಗಲ್ಲ, ಹಣೆಗೆ; ಆಮೇಲೆ, ಏನೂ ನೋವಾಗಲ್ಲ, ಇರುವೆ ಕಚ್ಚಿದ ಹಾಗೆ ಅಷ್ಟೆ, ಎಂಬ ಮಾತು. ಒಳಗಿನಿಂದ ಕೂಗು ಕೇಳಿಬಂದಾಗ ಉಳಿದವರಿಗೆ ಕೇಳದಿರಲೆಂದು ಫ್ಯಾನಿನ ವೇಗ ಹೆಚ್ಚಿಸುವುದೂ ಅವಳ ಕೆಲಸವೇ. ಆ ಮುಖವನ್ನು ಅವಳು ಕನ್ನಡಿಯ ಮುಂದೆ ನಿಂತು ತಿದ್ದಿ ತೀಡಿದ್ದಳು. ಈಗ ನೋಡಿದರೆ ಮನೆಯಲ್ಲಿ ಎಲ್ಲರೂ ಅದೇ ಮುಖ ಹಾಕಿಕೊಂಡು ಓಡಾಡುತ್ತಿದ್ದಾರೆ, ಅವಳ ಪೆಟ್ಟಿಗೆಯಿಂದ ಕದ್ದು ಹಂಚಿಕೊಂಡವರ ಹಾಗೆ. ಹಾವಿನ ಹೆಜ್ಜೆ ಹಾವೇ ಬಲ್ಲದು. ಅತ್ತೆ ಹಾಲಿನ ಲೋಟ ಹಿಡಿದು ಬಂದರೆ ನೋಟ ಅವಳ ಹಣೆಯ ಮೇಲೆ. ಗಂಡ ಕಾಲುಚೀಲ ಹಾಕಿಸಲು ಬಂದರೆ ನೋಟ ಹಣೆಯ ಮೇಲೆ, ಕಾಲು ಎಲ್ಲೋ, ಹಣೆ ಎಲ್ಲೋ. ಫೋನಿನಲ್ಲಿ ನೋಟ ಕಾಣದಾದರೂ ಅಮ್ಮನ ಮೌನ ಕಾಣುತ್ತಿತ್ತು. ಅಕ್ಕಪಕ್ಕದವರ ಸೊಸೆಯಂದಿರನ್ನೆಲ್ಲ ಒಂದು ಸುತ್ತು ಹಾಕಿ, ಅವರ ನಡಿಗೆಯನ್ನು ಬಾಯಲ್ಲೇ ನಡೆದು ತೋರಿಸದೆ ಫೋನಿಡದಿದ್ದ ಅಮ್ಮ, ಈಗ ಉಂಡೆಯಾ, ಮಲಗಿದ್ದೀಯಾ, ಸರಿ, ಎಂದು ಇಟ್ಟುಬಿಡುತ್ತಾಳೆ. ಇಡುವ ಮುಂಚೆ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಒಂದು ಕೆಮ್ಮು.

ಈ ಮನೆ ಹೀಗಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಗಾಬರಿಯಾಗಿದ್ದು ಇಲ್ಲಿಯ ನಗುವಿಗೇ. ತಾಯಿ ಮಗ ಇಬ್ಬರೂ ಉಣ್ಣುತ್ತ ನಗುವರು, ಲೆಕ್ಕ ತಪ್ಪಿದರೆ ನಗುವರು, ಸತ್ತವರನ್ನು ನೆನೆದು ಅಳಲು ಕೂತು ಅರ್ಧದಲ್ಲಿ ನಗುವರು. ಗಂಡನದು ಮನೆ ಬದಲಾಯಿಸುವವರ ಸಾಮಾನು ಸಾಗಿಸುವ ಕಸುಬು. ಕೆಲಸದ ಜಾಗದಲ್ಲಿ ಅವನು ಹೇಗಿರುತ್ತಾನೋ ಅವಳು ನೋಡಿದವಳಲ್ಲ; ಅವಳಿಗೆ ಗೊತ್ತಿದ್ದವನು ಭಾರ ಇಳಿಸಿ ಬಂದ ಗಂಡ, ಸಂಜೆ ಅಂಗಿ ಬಿಚ್ಚುತ್ತಲೇ ಕಥೆ ಬಿಚ್ಚುವವನು. ಖಾಲಿಯಾದ ಕೋಣೆಗಳಿಗೆಲ್ಲ ಒಂದೊಂದಾಗಿ ಕೈಮುಗಿದು, ಗೋಡೆ ಸವರಿ, ಕಣ್ಣೊರೆಸಿಕೊಂಡು, ಬೀಗ ಹಾಕಿ ಲಾರಿಯಲ್ಲಿ ಕೂತ ಹೆಂಗಸೊಬ್ಬಳು ಅರ್ಧ ದಾರಿಯಲ್ಲಿ ಗಂಡನನ್ನು ಬಾಲ್ಕನಿಯಲ್ಲೇ ಬಿಟ್ಟು ಬೀಗ ಹಾಕಿದ್ದು ನೆನಪಾದ ಕಥೆ ಹೇಳುವಾಗ ಅತ್ತೆ ನೆಲದ ಮೇಲೆ ಉರುಳಿದ್ದರು. ಹೊಟ್ಟೆಯಲ್ಲಿರುವುದಕ್ಕೂ ಅವನೇ ಹೆಸರಿಟ್ಟಿದ್ದ, ಬಾಡಿಗೆಯವರು ಎಂದು. ಗಂಡೋ ಹೆಣ್ಣೋ ತಿಳಿಯದು, ಮರ್ಯಾದೆ ಕೊಟ್ಟಿರುವುದು ಒಳ್ಳೆಯದು ಎಂದು ಬಹುವಚನ. ಸ್ಕ್ಯಾನಿಂಗ್ ಕೋಣೆಯಲ್ಲಿ ಡಾಕ್ಟರಮ್ಮ ಬೂದು ಬಣ್ಣದ ಪರದೆಯ ಮೇಲೆ ಬೆರಳಿಟ್ಟು, ಮಗುವಿಗೆ ಅನ್ನ ನೀರು ಕೊಡುವ ಮಾಸು ಮೇಲೆ ಅಂಟಿಕೊಂಡಿರಬೇಕಾದದ್ದು ಕೆಳಗಿಳಿದು ಬಾಗಿಲಿಗೆ ಅಡ್ಡ ಕೂತಿದೆ, ಯಾವ ಗಳಿಗೆಯಲ್ಲಾದರೂ ರಕ್ತ ಹೋಗಬಹುದು, ಭಾರ ಎತ್ತುವ ಹಾಗಿಲ್ಲ, ಮೆಟ್ಟಿಲು ಹತ್ತಿ ಇಳಿಯುವ ಹಾಗಿಲ್ಲ, ಮಲಗಿರಬೇಕು, ದಿನ ತುಂಬುವ ಮೊದಲೇ ಕೊಯ್ದು ತೆಗೆಯಬೇಕು ಎಂದರು. ಆಗ ಇವನು ಮೂಗು ತೂರಿಸಿದ: "ಬಾಡಿಗೆಯವರು ಬಾಗಿಲಿಗೇ ಬೀರು ಅಡ್ಡ ಇಟ್ಕೊಂಡಿದಾರೆ ಅನ್ನಿ. ನಾವು ಎಂತೆಂಥ ಮನೆ ಖಾಲಿ ಮಾಡಿಸಿದೀವಿ ಡಾಕ್ಟರೇ, ಕಿಟಕಿ ತೆಗೆದು ಇಳಿಸಿದರಾಯ್ತು." ಅದೇ ಕಣ್ರೀ ನಾವೂ ಮಾಡೋದು, ಎಂದು ಡಾಕ್ಟರಮ್ಮನೂ ನಕ್ಕಿದ್ದರು. ಅವಳಂತೂ ಮೇಜಿನ ಮೇಲೆ ನಕ್ಕಳು, ಕಾರಿಡಾರಿನಲ್ಲಿ ನಕ್ಕಳು, ಗಾಡಿಯಲ್ಲಿ ಕಿಟಕಿ ನೋಡಿದಾಗಲೆಲ್ಲ ನಕ್ಕಳು, ಮನೆಯ ಮುಂದೆ ಇಳಿಯುವಾಗ ಇನ್ನೂ ನಗುತ್ತಲೇ ಇದ್ದಳು. ಆಗಲೇ ತೊಡೆಯುದ್ದಕ್ಕೂ ಬಿಸಿಯಾಗಿ ಇಳಿದದ್ದು. ಬಿಸಿ ಎಂದರೆ ಎಷ್ಟು ಸ್ನೇಹದ ಬಿಸಿ, ಮಗ್ಗುಲಲ್ಲಿ ಮಲಗಿದ್ದ ಬೆಕ್ಕು ಎದ್ದು ಹೋದ ಜಾಗದ ಹಾಗೆ. ಕೆಳಗೆ ನೋಡುವವರೆಗೂ ಅವಳು ಹೆದರಿರಲಿಲ್ಲ.

ಅಂದು ಆಸ್ಪತ್ರೆಯಲ್ಲಿ, ರಕ್ತ ನಿಂತ ಮೇಲೆ, ಗಾಜಿನ ಬಾಗಿಲಿನ ಆಚೆ ಗಂಡ ಡಾಕ್ಟರಮ್ಮನೊಂದಿಗೆ ಮಾತಾಡುವುದನ್ನು ಅವಳು ಮಲಗಿದಲ್ಲಿಂದ ನೋಡಿದ್ದಳು. ಮಾತು ಕೇಳಿಸುತ್ತಿರಲಿಲ್ಲ. ಅವನು ಏನೋ ಕೇಳಿದ. ಡಾಕ್ಟರಮ್ಮ ಇಲ್ಲವೆಂದು ತಲೆ ಆಡಿಸಿದರು. ಅವನು ಎರಡೂ ಕೈ ಜೋಡಿಸಿ ಮತ್ತೆ ಕೇಳಿದ. ಅವರು ಮತ್ತೆ ತಲೆ ಆಡಿಸಿ, ಅವನ ಭುಜ ತಟ್ಟಿ ಹೊರಟುಹೋದರು. ಒಳಗೆ ಬಂದವನ ಮುಖ ನೋಡಿದರೆ, ಅಯ್ಯೋ, ಕೀಳುವ ಹಲ್ಲಿನ ಮುಖ. ಅಂದಿನಿಂದ ಮನೆಯಲ್ಲಿ ನಗು ನಿಂತಿತು, ಕರೆಂಟಿನ ಮೀಟರು ಕಿತ್ತುಕೊಂಡು ಹೋದ ಹಾಗೆ. ಮಲಗಿ ಯೋಚಿಸುವುದು ಬಿಟ್ಟರೆ ಅವಳಿಗೆ ಬೇರೆ ಕೆಲಸವೇನಿತ್ತು? ಬಾಡಿಗೆಯವರು ಇನ್ನೂ ಒದೆಯುತ್ತಿದ್ದಾರೆ, ಅಂದರೆ ಇದ್ದಾರೆ. ಅವಳೂ ಉಸಿರಾಡುತ್ತಿದ್ದಾಳೆ. ಇಬ್ಬರೂ ಇರುವಾಗ ಅಳುವಂಥದ್ದು ಏನು? ಇಬ್ಬರೂ ಇರಲಾರರು ಎಂಬುದೊಂದೇ. ಎರಡು ಸಲ ಕೇಳಿದ, ಎರಡು ಸಲವೂ ಇಲ್ಲ ಎಂದರು: ಇಬ್ಬರನ್ನೂ ಉಳಿಸುತ್ತೀರಾ? ಇಲ್ಲ. ದಮ್ಮಯ್ಯ, ಇಬ್ಬರನ್ನೂ? ಇಲ್ಲ. ಅಜ್ಜಿಯ ಕಥೆಗಳಲ್ಲಿಯೂ ಅರಮನೆ ಹೀಗೆಯೇ ಇರುತ್ತಿತ್ತು. ಬಾಣಂತಿ ಕೋಣೆಯಲ್ಲಿ ಏನಾಯಿತೆಂಬುದು ದಾಸಿಯರಿಗೆ ಗೊತ್ತು, ಮಂತ್ರಿಗೆ ಗೊತ್ತು, ಆನೆಗೆ ನೀರು ಹಾಕುವವನಿಗೂ ಗೊತ್ತು, ರಾಣಿಗೊಬ್ಬಳಿಗೇ ಗೊತ್ತಿಲ್ಲ. ಅವಳ ಕಿವಿಗೆ ಬೀಳದಿರಲೆಂದು ನಗಾರಿಗೆ ಬಟ್ಟೆ ಕಟ್ಟಿದ್ದಾರೆ, ಗಿಣಿಯ ಕೊಕ್ಕಿಗೆ ದಾರ ಸುತ್ತಿದ್ದಾರೆ. ಯಾಕಜ್ಜಿ, ರಾಣಿಗೆ ಹೇಳಿದರೇನು, ಎಂದು ಕೇಳಿದರೆ ಅಜ್ಜಿ, ಹೇಳಿದರೆ ಕಥೆ ಮುಗಿದುಹೋಗತ್ತಲ್ಲ ಮಗಾ, ಎಂದು ದೀಪ ಸಣ್ಣದು ಮಾಡುತ್ತಿದ್ದಳು. ಕಥೆ ಮುಗಿದುಹೋಗುತ್ತದೆ. ಹಾಗಾದರೆ ಗಂಡ ಯಾರನ್ನು ಆರಿಸಿದ?

ಇದೊಂದು ಪ್ರಶ್ನೆ ಹುಟ್ಟಿದ ಮೇಲೆ ಅವಳಿಗೆ ಹೊತ್ತು ಹೋಗದೆ ಇರುವ ಕಷ್ಟವೇ ತಪ್ಪಿತು. ನನ್ನನ್ನು ಉಳಿಸಿ ಎಂದಿದ್ದರೆ, ಎಂಥ ಕಟುಕ, ಇನ್ನೂ ಮುಖ ನೋಡದ ಕೂಸನ್ನು ಹೀಗೆ ಕೈಬಿಟ್ಟನಲ್ಲ. ಮಗುವನ್ನು ಉಳಿಸಿ ಎಂದಿದ್ದರೆ, ನೋಡು, ಇಷ್ಟು ದಿನ ಜೊತೆಗೆ ಉಂಡು ಮಲಗಿದವಳಿಗಿಂತ ಪರಿಚಯವೇ ಇಲ್ಲದವರು ಹೆಚ್ಚಾದರು. ಎರಡೂ ಕಡೆಯಿಂದ ಅವನ ಮೇಲೆ ಸಿಟ್ಟು ಬರುತ್ತಿತ್ತು. ಅವನು ನೀರು ಕೊಟ್ಟರೆ, ಇದು ನನ್ನನ್ನು ಆರಿಸಿದವನ ನೀರೋ, ಬಿಟ್ಟವನ ನೀರೋ ಎಂದು ನಾಲಿಗೆಯ ಮೇಲೆ ಇಟ್ಟುಕೊಂಡು ನೋಡುವಳು. ಅತ್ತೆ ತಮ್ಮ ಪಾಲಿನ ಬಾಳೆಹಣ್ಣನ್ನೂ ಅವಳ ತಟ್ಟೆಗೇ ಹಾಕಿದರೆ, ಇದು ಬಲಿಯ ಕುರಿಗೆ ಹಾಕುವ ಸೊಪ್ಪು ಎನಿಸುವುದು. ಮರುದಿನ ಹಾಕದಿದ್ದರೆ, ಆಗಲೇ ಲೆಕ್ಕದಿಂದ ತೆಗೆದರಲ್ಲ ಎಂದು ಕಣ್ಣು ತುಂಬುವುದು. ಒಂದು ಮಧ್ಯಾಹ್ನ, ಎಲ್ಲರೂ ಮಲಗಿದ್ದಾಗ, ಯಾರೂ ಕೇಳದಿದ್ದರೂ ಅವಳ ಬಾಯಿಂದಲೇ, ನಾನು, ನಾನು ಉಳೀಬೇಕು, ಎಂದು ಮೆಲ್ಲಗೆ ಬಂದುಬಿಟ್ಟಿತು. ಅಷ್ಟೇ ಅಲ್ಲ, ಅದರ ಬೆನ್ನಿಗೇ, ಹಾಗಾದರೆ ಬೋರಲು ಮಲಗಬಹುದು, ಎಂದು ಒಂದು ಚಿಕ್ಕ ಸುಖ, ಕಳ್ಳಬೆಕ್ಕಿನ ಹಾಗೆ ಒಳಗೆ ನುಸುಳಿತು. ಬೋರಲು ಮಲಗುವ ಸುಖಕ್ಕೆ ಮಗುವನ್ನು ಕೊಟ್ಟವಳು ಎಂದು ಲೋಕ ಏಳು ಜನ್ಮ ಉಗಿಯಬೇಕು. ಆಗಲೇ ಒಳಗಿನಿಂದ ಒಂದು ಒದೆತ ಬಿತ್ತು. ಕೇಳಿಸಿಕೊಂಡವರ ಒದೆತ ಅದು. ಕ್ಷಮಿಸಿ, ಎಂದಳು ಅವಳು, ಅದೂ ಬಹುವಚನದಲ್ಲಿ.

ಚಪ್ಪಲಿ ಬೂಟಿನ ಆ ಬೆಳಿಗ್ಗೆ ಗಂಡ ಕೆಲಸಕ್ಕೆ ಹೋದ ಮೇಲೆ ಅವಳು ಒಂದು ಪರೀಕ್ಷೆ ಮಾಡುವುದೆಂದು ನಿಶ್ಚಯಿಸಿದಳು. ಎಷ್ಟು ದುಃಖವಿದ್ದರೂ ಅತ್ತೆ ಅಜ್ಜಿಯ ಕಥೆಗೆ ನಗದೆ ಇರುವವರಲ್ಲ. ನಗದಿದ್ದರೆ ದುಃಖ ಅಷ್ಟು ದೊಡ್ಡದೆಂದು ತಿಳಿಯಬೇಕು. ಅತ್ತೆ ಮಂಚದ ಪಕ್ಕ ಕೂತು ಬಟ್ಟೆ ಮಡಿಸುತ್ತಿದ್ದರು. ಅವಳು ಸುಮ್ಮನೆ ನೆನಪಾಯಿತೆಂಬಂತೆ ಪೆದ್ದ ಅಳಿಯನ ಕಥೆ ತೆಗೆದಳು. ಮಾವನ ಮನೆಯಲ್ಲಿ ಹೆಚ್ಚು ಮಾತಾಡಬೇಡ, ಕೇಳಿದ್ದಕ್ಕೆಲ್ಲ ಹ್ಞೂಂ ಅನ್ನು ಸಾಕು, ಎಂದು ತಾಯಿ ಹೇಳಿಕೊಟ್ಟು ಕಳಿಸಿದಳಂತೆ. ಹೋದ. ದಾರಿ ಸುಖವಾಯ್ತಾ? ಹ್ಞೂಂ. ಎಮ್ಮೆ ಕರು ಹಾಕ್ತಾ? ಹ್ಞೂಂ. ಒಳಗಿನಿಂದ ಕಿವಿ ಕೇಳದ ಮುದುಕಿಯೊಬ್ಬಳು, ನಿಮ್ಮಪ್ಪ ತೀರಿಕೊಂಡರಂತಲ್ಲೋ? ಹ್ಞೂಂ. ಮನೆಯೆಲ್ಲ ಗೊಳೋ ಎಂದಿತು. ಇವರೆಲ್ಲ ಅಳುವುದು ನೋಡಿ ಅಳಿಯನಿಗೂ ಅಳು ಬಂತು, ನಿಜವೇ ಇರಬೇಕು ಎಂದುಕೊಂಡು ಅಳುತ್ತ ಊರಿಗೆ ಓಡಿದ. ಜಗಲಿಯ ಮೇಲೆ ಕೂತಿದ್ದ ಅಪ್ಪನ ಕಾಲು ಹಿಡಿದು, ಅಪ್ಪಾ, ನೀನು ತೀರಿಕೊಂಡೆಯಂತೆ, ಎಂದ. ಅಪ್ಪ ಕೇಳಿದ, ಯಾರು ಹೇಳಿದರು? ಬೀಗರು. ಅಪ್ಪ ನಿಟ್ಟುಸಿರು ಬಿಟ್ಟು, ದೊಡ್ಡ ಮನೆಯವರು, ಅತ್ತೂ ಬಿಟ್ಟಿದ್ದಾರೆ, ಅವರ ಮಾತು ಸುಳ್ಳು ಮಾಡೋಕಾಗುತ್ತಾ, ಎಂದು ಅಲ್ಲೇ ಮಲಗಿಕೊಂಡ. ಹೆಂಡತಿ ಬಂದು ಊಟಕ್ಕೆ ಏಳಿ ಎಂದರೆ, ಒಂದು ಕಣ್ಣು ತೆರೆದು, ಬೀಗರಿಗೆ ಗೊತ್ತಾದರೆ ಏನಂದುಕೊಳ್ತಾರೆ, ಕದ ಹಾಕಿಕೊಂಡು ಬಡಿಸು, ಎಂದನಂತೆ.

ಅತ್ತೆಯ ಕೈಯಲ್ಲಿದ್ದ ಅಂಗಿ ನಡುಗಿತು. ಅವರು ಅದನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು, ಕೊನೆಗೆ ಅದರಲ್ಲಿ ಬಾಯಿ ಮುಚ್ಚಿಕೊಂಡು ಎದ್ದು ಓಡಿದರು. ಬಚ್ಚಲ ಕದ ಪೂರ್ತಿ ಹಾಕಿರಲಿಲ್ಲ. ನಲ್ಲಿ ಸುರಿಯುತ್ತಿತ್ತು. ಸಂದಿನಲ್ಲಿ, ಗೋಡೆಗೆ ಹಣೆ ಒತ್ತಿ ನಿಂತ ಅತ್ತೆಯ ಬೆನ್ನು ಅವಳಿಗೆ ಕಂಡಿತು. ಭುಜ ಎರಡೂ ಕುಲುಕಿ ಕುಲುಕಿ ಬೀಳುತ್ತಿದ್ದವು, ಒಂದು ಕೈ ಗೋಡೆಯನ್ನು ಮೆಲ್ಲಗೆ ಗುದ್ದುತ್ತಿತ್ತು. ಸಾವಿನ ಕಥೆ ಹೇಳಿಬಿಟ್ಟೆನಲ್ಲ, ಎಂಥ ಕೆಟ್ಟ ಬಾಯಿ ನನ್ನದು, ಎಂದು ಅವಳು ನಾಲಿಗೆ ಕಚ್ಚಿಕೊಂಡಳು. ಅತ್ತೆ ಬಂದು ಕೂತು, ಸೆರಗಿನಿಂದ ಮೂಗು ಒರೆಸಿಕೊಂಡು, ಅವಳ ಹಣೆಯನ್ನು ನೋಡುತ್ತ ಹೇಳಿದರು: "ಇಂಥ ಕಥೆ ಇನ್ನು ಹೇಳಬೇಡಮ್ಮ. ನನ್ನ ಕೈಲಿ ತಡಕೊಳ್ಳೋಕಾಗಲ್ಲ." ಆಯಿತು, ಇನ್ನು ಅನುಮಾನವಿಲ್ಲ. ವಿಚಿತ್ರವೆಂದರೆ ಆ ಗಳಿಗೆಯಲ್ಲಿ ಅವಳಿಗೆ ತನಗಿಂತ ಹೆಚ್ಚಾಗಿ ಅತ್ತೆಯ ಮೇಲೆ ಕನಿಕರ ಬಂತು. ಈ ಮುದಿ ವಯಸ್ಸಿನಲ್ಲಿ ಬಚ್ಚಲು ಮನೆಗೆ ಓಡಿ ಓಡಿ ಅಳಬೇಕಲ್ಲ. ಅಳುವವರಿಗೆ ಅನುಕೂಲವಾಗಲೆಂದು ಅವಳು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದಳು, ಮುಚ್ಚಿದವಳು ನಿಜವಾಗಿಯೂ ನಿದ್ದೆ ಹೋದಳು. ಎಚ್ಚರವಾದಾಗ ಕಿಟಕಿಯ ಬಿಸಿಲು ಗೋಡೆಯಿಂದ ಇಳಿದು ಮಂಚದ ಕಾಲಿಗೆ ಬಂದಿತ್ತು, ಗಂಡ ಆಗಲೇ ಬಂದು ಅವಳ ಪಾದದ ಬಳಿ ಕೂತಿದ್ದ, ಮತ್ತು ಅವಳ ಕೆಳಗೆ ಹಾಸಿಗೆ ಬೆಚ್ಚಗಿತ್ತು. ಅದೇ ಸ್ನೇಹದ ಬಿಸಿ. ಈ ಸಲ ಅವಳು ಕೆಳಗೆ ನೋಡದೆಯೇ ಹೆದರಿದಳು. "ರೀ" ಎಂದಳು. ಅಷ್ಟೇ ಸಾಕಾಯಿತು.

ಆಂಬುಲೆನ್ಸು ಬೇಗ ಬಂತು, ಅದರ ಸ್ಟ್ರೆಚರು ಮಾತ್ರ ಮೇಲೆ ಬರಲಿಲ್ಲ. ಲಿಫ್ಟಿಲ್ಲದ ಹಳೆಯ ಕಟ್ಟಡ. ಮೆಟ್ಟಿಲು ತಿರುಗುವಲ್ಲಿ ಅದು ಗೋಡೆಗೆ ಸಿಕ್ಕಿಕೊಂಡು, ಹೀಗೆ ಎತ್ತಿ ಎಂದು ಒಬ್ಬ, ಹಾಗೆ ಓರೆ ಮಾಡಿ ಎಂದು ಇನ್ನೊಬ್ಬ, ಇಬ್ಬರ ಜಗಳ ಮೇಲಿನವರೆಗೂ ಕೇಳುತ್ತಿತ್ತು. ಅಷ್ಟರಲ್ಲಿ ಗಂಡ ಫೋನು ಮಾಡಿ ಕರೆಸಿದ್ದ, ಅವನ ಜೊತೆ ಸಾಮಾನು ಹೊರುವ ಮೇಳ ಬಂದು ನಿಂತಿತು. ಮೇಳದ ಹಿರಿಯ ಮೇಸ್ತ್ರಿ, ಮೀಸೆಯಲ್ಲೇ ಮಾತಾಡುವ ಮನುಷ್ಯ; ಉದ್ದಣ್ಣ, ಗಿಡ್ಡಣ್ಣ ಎಂದು ಅವಳು ಗಂಡನ ಕಥೆಗಳಲ್ಲಿ ಮಾತ್ರ ಕೇಳಿದ್ದ ಇಬ್ಬರು. ಯಾರೂ ಅವಳನ್ನು ಹೇಗಿದ್ದೀರಿ ಎಂದು ಕೇಳಲಿಲ್ಲ. ಮೇಸ್ತ್ರಿ ಬಾಗಿಲ ಅಗಲವನ್ನು ಗೇಣಿನಲ್ಲಿ ಅಳೆದು, ಅವಳನ್ನು ಒಮ್ಮೆ ಉದ್ದಕ್ಕೂ ಅಗಲಕ್ಕೂ ನೋಡಿ, ಆರಾಮ ಕುರ್ಚಿ ತರಿಸಿದರು. ಅದಕ್ಕೆ ಸಾಮಾನು ಸುತ್ತುವ ದಪ್ಪ ಹೊದಿಕೆ, ಹೊದಿಕೆಯ ಮೇಲೆ ಅವಳು, ಅವಳ ಮೇಲೆ ಇನ್ನೊಂದು ಹೊದಿಕೆ, ಎದೆಯ ಕೆಳಗೆ ಒಂದು ಪಟ್ಟಿ, ಮಂಡಿಯ ಮೇಲೆ ಒಂದು ಪಟ್ಟಿ. ಹೊದಿಕೆಗಳಿಗೆ ಬೇರೆಯವರ ಮನೆಗಳ ವಾಸನೆ. ಇಳಿಯುವಾಗ ಉದ್ದನೆಯವನು ಕೆಳಗೆ, ಗಿಡ್ಡನೆಯವನು ಮೇಲೆ, ಹಾಗಿದ್ದರೇ ಭಾರ ಸಮ ನಿಲ್ಲುವುದು. ಗಂಡ ಅವಳ ಬಲಕ್ಕೆ, ಮೇಸ್ತ್ರಿ ಎಡಕ್ಕೆ. ಎತ್ತಿದ್ದು ಅವಳಿಗೆ ತಿಳಿಯಲೇ ಇಲ್ಲ. ನೆಲ ತಾನಾಗಿ ಕೆಳಗೆ ಹೋಯಿತು ಎನಿಸಿತು. ನಾಲ್ಕು ಮುಖಗಳು ಅವಳ ಸುತ್ತ, ಒಂದನ್ನೊಂದು ನೋಡದೆ, ನಾಲ್ಕು ದಿಕ್ಕಿಗೆ ತಿರುಗಿ, ಕಲ್ಲಿನ ಹಾಗೆ. ಹೆಣ ಹೊರುವವರೂ ಇಷ್ಟು ಗಂಭೀರವಾಗಿರುವುದಿಲ್ಲ. ಈಗ ಕೇಳದಿದ್ದರೆ ಇನ್ನು ಯಾವಾಗ, ಎಂದುಕೊಂಡು ಅವಳು ಕೇಳಿಯೇಬಿಟ್ಟಳು.

"ರೀ, ನಿಜ ಹೇಳಿ. ಯಾರು ಉಳೀಲಿ ಅಂತ ಹೇಳಿದ್ರಿ?"

"ಗೋಡೆ" ಎಂದರು ಮೇಸ್ತ್ರಿ.

"ನಾನಾ, ಮಗುನಾ?"

"ಎಡಕ್ಕೆ."

ಎಡಕ್ಕೆ ಯಾರು ಎಂದು ಅವಳು ಒಂದು ಕ್ಷಣ ನಿಜವಾಗಿಯೂ ಯೋಚಿಸಿದಳು. ಮಗು ಎಡಕ್ಕೇ ಒರಗಿತ್ತು. ಗಂಡನ ದವಡೆಯ ಮೇಲೆ ಬೆವರು ಇಳಿಯುತ್ತಿತ್ತು, ಅವನು ಒರೆಸಿಕೊಳ್ಳಲಿಲ್ಲ, ಬಾಯಿ ಬಿಡಲಿಲ್ಲ. ತಿರುವಿನಲ್ಲಿ ಸ್ಟ್ರೆಚರನ್ನು ಎಳೆದು ದಾರಿ ಮಾಡುವ ತನಕ ಕುರ್ಚಿಯನ್ನು ಇಳಿಸಬೇಕಾಯಿತು. ಇಳಿಸಿದರು. ಇಳಿಸಿ ಕೈ ಬಿಟ್ಟದ್ದೇ ನಾಲ್ವರೂ ಒಟ್ಟಿಗೆ ಉಸಿರು ಬಿಟ್ಟರು, ಮುಖಗಳಿಗೆ ಜೀವ ಬಂತು.

"ಈಗ ಕೇಳು ತಾಯಿ" ಎಂದರು ಮೇಸ್ತ್ರಿ. "ಹೊತ್ತಾಗ ನಾವು ಮಾತಾಡಲ್ಲ. ಗಾಜು ಹೊತ್ತಾಗಂತೂ ಒಬ್ಬರ ಮುಖ ಒಬ್ಬರು ನೋಡಂಗಿಲ್ಲ. ಒಬ್ಬ ನಕ್ಕ ಅಂದ್ರೆ ನಾಲ್ಕೂ ಜನರ ಕೈ ಸಡಿಲ. ಇಳಿಸೋ ತನಕ ನಗು ಇಲ್ಲ, ಅದು ನಮ್ಮ ಕಟ್ಟುಪಾಡು."

ಗಂಡ ಮೆಟ್ಟಿಲ ಮೇಲೆ ಕುಕ್ಕರಿಸಿ, ಎಷ್ಟೋ ದಿನಗಳ ಮೇಲೆ ಅವಳ ಹಣೆ ಬಿಟ್ಟು ಕಣ್ಣು ನೋಡಿದ. "ಯಾರು ಉಳೀಲಿ ಅಂತ ನನ್ನ ಯಾರೂ ಕೇಳಲೇ ಇಲ್ವಲ್ಲೇ."

"ಮತ್ತೆ ಡಾಕ್ಟ್ರು ಎರಡು ಸಲ ತಲೆ ಆಡಿಸಿದ್ದು?"

"ನನ್ನ ಜೋಕಿಂದ ರಕ್ತ ಬಂತಾ ಅಂತ ಕೇಳ್ದೆ. ಇಲ್ಲ ಅಂದ್ರು. ಮತ್ತೆ ಕೇಳ್ದೆ. ನಗೋದ್ರಿಂದ ಏನೂ ಆಗಲ್ಲ ಅಂದ್ರು."

"ಇಲ್ಲ ಅಂದ ಮೇಲೂ ಈ ಮುಖ ಯಾಕೆ?"

"ಅವರೇನು ಗಾಜು ಹೊತ್ತಿದಾರಾ" ಎಂದ ಅವನು, ತಗ್ಗಿದ ದನಿಯಲ್ಲಿ. "ಅವತ್ತೇ ಎಲ್ಲರಿಗೂ ಹೇಳ್ದೆ, ಅಮ್ಮಂಗೆ, ನಿಮ್ಮಮ್ಮಂಗೂ ಫೋನ್ ಮಾಡಿ. ಮನೇಲಿ ಗಾಜಿದೆ, ಇಳಿಸೋ ತನಕ ಅವಳ ಮುಂದೆ ಯಾರೂ ನಗಬೇಡಿ, ಅವಳನ್ನ ನಗಿಸಬೇಡಿ ಅಂತ. ತಡಕೊಳ್ಳೋಕಾಗದೆ ಇದ್ರೆ ಬಚ್ಚಲಿದೆ, ನಲ್ಲಿ ಇದೆ."

ಬಟ್ಟೆಯ ಚೀಲ ಹೊತ್ತು ಹಿಂದೆಯೇ ಇಳಿದು ಬಂದಿದ್ದ ಅತ್ತೆ ಮೇಲಿನ ಮೆಟ್ಟಿಲಲ್ಲಿ ನಿಂತು ಇಷ್ಟನ್ನೂ ಕೇಳಿ, ಸೊಸೆಯ ಮುಖ ನೋಡಿ, ಏನೋ ಹೊಳೆದವರಂತೆ ಚೀಲ ಕೆಳಗಿಟ್ಟರು. "ಅಯ್ಯೋ, ನಾವು ಒಳಗೆ ಅಳ್ತಿದೀವಿ ಅಂದುಕೊಂಡ್ಯಾ? ಕದ ಹಾಕಿಕೊಂಡು ಬಡಿಸು ಅಂದ್ನಲ್ಲೇ ಆ ಸತ್ತೋನು" ಎಂದರು, ಅಷ್ಟೇ; ಮುಂದಿನದು ಹೇಳಲಾಗದೆ ಗೋಡೆಗೆ ತಿರುಗಿದರು.

ಅವಳಿಗೆ ಮೊದಲು ಬಂದದ್ದು ಸಮಾಧಾನವಲ್ಲ, ಅವಮಾನ. ಇಷ್ಟು ದಿನ ಕೂತು, ಅಂದರೆ ಮಲಗಿ, ನೇಯ್ದ ದುಃಖವನ್ನೆಲ್ಲ ಯಾರೋ ನೋಡಿ 'ಅದು ಬಟ್ಟೆಯೇ ಅಲ್ಲ, ಬಿಚ್ಚು' ಎಂದಂತಾಯಿತು. ಯಾರೂ ಕೇಳದ ಪ್ರಶ್ನೆಗೆ ಅವಳೊಬ್ಬಳೇ ಉತ್ತರ ಕೊಟ್ಟಿದ್ದಳು, ಅದೂ ಎಂಥ ಉತ್ತರ. ಇವರೆಲ್ಲ ಬಚ್ಚಲಲ್ಲಿ ನಗುತ್ತಿದ್ದಾಗ ಅವಳು ಮಂಚದ ಮೇಲೆ ಮಗುವನ್ನು ಕೊಟ್ಟು ಬೋರಲು ಮಲಗಿದ್ದಳು. ಅದನ್ನು ಯಾರಿಗೂ ಎಂದೂ ಹೇಳಲಾರಳು. ಅವಮಾನದ ತಳದಿಂದ, ಗಂಡನ ಮೇಲಿನ ಸಿಟ್ಟನ್ನೂ ಎತ್ತಿಕೊಂಡು, ನಗು ಏಳತೊಡಗಿತು. ಮೇಸ್ತ್ರಿ ಅದನ್ನು ಅವಳಿಗಿಂತ ಮೊದಲೇ ಕಂಡರು. "ಹಿಡೀರಿ" ಎಂದರು. ನಾಲ್ಕು ಮುಖ ಮತ್ತೆ ಕಲ್ಲಾಗಿ ನಾಲ್ಕು ದಿಕ್ಕಿಗೆ ತಿರುಗಿದವು. ಡಾಕ್ಟರು ಏನೂ ಆಗಲ್ಲ ಎಂದಿದ್ದಾರೆ, ನಗಬಹುದು, ಆದರೆ ಹೊತ್ತಿರುವವರ ಕೈ? ಅವಳು ಹೊದಿಕೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು. ಉಳಿದ ಮೆಟ್ಟಿಲುಗಳನ್ನು ಎಲ್ಲರೂ ಹಾಗೆಯೇ ಇಳಿದರು. ಹೊರುವವರು ನಾಲ್ವರಲ್ಲ, ಐವರು ಎಂದು ಅವಳಿಗೆ ಅನಿಸುತ್ತಿತ್ತು.

ಆಸ್ಪತ್ರೆಯಲ್ಲಿ ಯಾರಿಗೂ ನಗುವ ಹೊತ್ತಿರಲಿಲ್ಲ. ರಕ್ತ ಈ ಸಲ ತಾನಾಗಿ ನಿಲ್ಲುವ ಜಾತಿಯದಲ್ಲ ಎಂದು ಡಾಕ್ಟರಮ್ಮ ಒಂದೇ ನೋಟಕ್ಕೆ ತಿಳಿದು, ಇವತ್ತೇ, ಈಗಲೇ, ಎಂದರು. ಬೆನ್ನಿಗೆ ಸೂಜಿ ಹಾಕಿದರು. ಎದೆಯ ಕೆಳಗೆ ಅವಳು ಮೆಲ್ಲಮೆಲ್ಲಗೆ ಇಲ್ಲವಾದಳು, ದೀಪ ಒಂದೊಂದಾಗಿ ಆರಿಸಿಕೊಂಡು ಯಾರೋ ಕೆಳಮನೆಯಿಂದ ಹೊರಟುಹೋದ ಹಾಗೆ. ಕತ್ತಿನ ಮುಂದೆ ಹಸಿರು ಪರದೆ ಕಟ್ಟಿದರು. ಪರದೆಯ ಮೇಲೆ ಬರೀ ಕಣ್ಣುಗಳು. ಆ ಕಣ್ಣುಗಳು ಅವಳನ್ನು ನೋಡಲಿಲ್ಲ, ಒಂದನ್ನೊಂದು ನೋಡಲಿಲ್ಲ. ಹಿಡಿ, ಇಲ್ಲಿ, ಒರೆಸು, ಇನ್ನೂ, ಎಂದು ಡಾಕ್ಟರಮ್ಮನ ದನಿ, ಒಂದೊಂದೇ ಮಾತು. ಒಳಗೆಲ್ಲೋ ದೂರದಲ್ಲಿ, ಬೀರುವಿನ ಅಡಿ ಕೈ ಹಾಕಿ ಏನನ್ನೋ ಹುಡುಕುವ ಹಾಗೆ ಎಳೆತ, ನೋವಿಲ್ಲದ ಎಳೆತ. ಆಮೇಲೆ ಮಗುವನ್ನು ತೆಗೆದರೆಂದು ಅವಳಿಗೆ ಗೊತ್ತಾಯಿತು, ಯಾಕೆಂದರೆ ಒಂದೊಂದು ಮಾತೂ ನಿಂತುಹೋಯಿತು. ಅಳು ಕೇಳಲಿಲ್ಲ. ಯಾರೋ ಪರದೆಯಾಚೆ ಏನನ್ನೋ ಹೊತ್ತು ಮೂಲೆಗೆ ಹೋದರು. ತಟ್ಟುವ ಸದ್ದು, ಉಜ್ಜುವ ಸದ್ದು, ಏನೋ ಹೀರುವ ಸಣ್ಣ ಯಂತ್ರದ ಸದ್ದು. ಅವಳ ತಲೆಯ ಬಳಿ ಕೂತಿದ್ದ, ಸೂಜಿ ಹಾಕಿದ ಡಾಕ್ಟರು ಅವಳ ಹಣೆಯನ್ನು ನೋಡಿದರು. ಇದಕ್ಕಿಂತ ಸ್ಪಷ್ಟವಾಗಿ ಬರೆದ ಮುಖ ಲೋಕದಲ್ಲಿ ಇನ್ನೊಂದಿರಲಾರದು. ಅವಳ ಬಾಯಿಗೆ ಪ್ರಶ್ನೆ ಬಂತು, ಬಂದ ಪ್ರಶ್ನೆಯನ್ನು ಅವಳು ಹಲ್ಲಿನ ಹಿಂದೆಯೇ ಹಿಡಿದಳು. ಮಾತಾಡಿಸಬಾರದು. ಇನ್ನೂ ಮೆಟ್ಟಿಲ ಮೇಲಿದ್ದಾರೆ. ಯಾರ ಮುಖವನ್ನೂ ಓದದೆ, ಮೇಲಿನ ದೀಪವನ್ನು ನೋಡುತ್ತ, ತನ್ನ ಉಸಿರಿನಿಂದಲೂ ಯಾರ ಕೈಯೂ ಸಡಿಲವಾಗದಿರಲೆಂದು ಅವಳು ಕಾದಳು. ಕಾದಳು.

ಮೂಲೆಯಿಂದ ಮೊದಲು ಒಂದು ಕೆಮ್ಮು. ಆಮೇಲೆ, ಬೀಗರು ಏನಂದುಕೊಂಡರೂ ಸರಿಯೇ ಎಂಬಂಥ ಒಂದು ಅರಚು.

"ಹುಡುಗಿ" ಎಂದರು ಯಾರೋ. ಕೋಣೆಯಲ್ಲಿದ್ದ ಎಲ್ಲ ಕಣ್ಣುಗಳೂ ಒಮ್ಮೆಗೇ ಒಂದನ್ನೊಂದು ನೋಡಿಕೊಂಡವು, ಇನ್ಯಾರೋ ಏನೋ ಅಂದರು, ಮತ್ಯಾರೋ ನಕ್ಕರು. ಅವಳಿಗೂ ನಗು ಬಂತು. ಇಷ್ಟು ದಿನಗಳದೂ ಒಟ್ಟಿಗೆ ಬಂತು, ತುಟಿಗೆ ಬಂತು, ಕಣ್ಣಿಗೆ ಬಂದು ಕಿವಿಯ ಕಡೆಗೆ ಹರಿಯಿತು, ಗಂಟಲಲ್ಲಿ ಕುಲುಕಿತು. ಅಲ್ಲಿಂದ ಕೆಳಗೆ ಹೋಗಲು ನೋಡಿದರೆ ಕೆಳಗೆ ಏನೂ ಇಲ್ಲ. ನಗುವುದಕ್ಕೆ ಹೊಟ್ಟೆ ಎಷ್ಟು ಬೇಕೆಂಬುದು ಅವಳಿಗೆ ಹುಟ್ಟಿದ ಮೇಲೆ ಮೊದಲ ಸಲ ತಿಳಿಯಿತು.

"ಡಾಕ್ಟರೇ" ಎಂದಳು, "ನಗು ಬರ್ತಿದೆ, ಹೊಟ್ಟೆನೇ ಸಿಕ್ತಾ ಇಲ್ಲ."

"ನನ್ನ ಹತ್ರ ಇದೆ" ಎಂದರು ಡಾಕ್ಟರಮ್ಮ ಪರದೆಯಾಚೆಯಿಂದ, ತಲೆ ಎತ್ತದೆ. "ಹೊಲಿದು ಕೊಡ್ತೀನಿ ಇರಮ್ಮ. ಅಲ್ಲೀವರೆಗೂ ಮೇಲ್ಮೇಲೆ ನಗ್ತಿರು."